ಸಿದ್ಧ ದತ್ತಾಂಶವನ್ನು ಒಮ್ಮೆಲೇ ನಕ್ಷೆಗೆ ತುಂಬಿಸಬಹುದೇ? – ಅನುಭವ ಹಂಚಿಕೆ

ಪ್ರಶ್ನೆ

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ತಾಲ್ಲೂಕಿನ ಬಹುಭಾಗ ಇನ್ನೂ ಖಾಲಿಯಾಗಿದೆ. ಈಚೆಗೆ ನನಗೆ ಎರಡು ಕಡತಗಳು ದೊರೆತಿವೆ. ಮೊದಲನೆಯದರಲ್ಲಿ ತಾಲ್ಲೂಕಿನ ಎಲ್ಲ ಕಂದಾಯ ಗ್ರಾಮಗಳ ಹೆಸರು, ಅಕ್ಷಾಂಶ ಮತ್ತು ರೇಖಾಂಶಗಳಿವೆ. ಹೆಸರುಗಳು ಇಂಗ್ಲಿಷಿನಲ್ಲಿದ್ದುದರಿಂದ ಒಂದು ತಂತ್ರಾಂಶದ ಮೂಲಕ ಅವನ್ನು ಕನ್ನಡ ಲಿಪಿಗೆ ತಂದುಕೊಂಡಿದ್ದೇನೆ. ಎರಡನೆಯದರಲ್ಲಿ ಉಪಗ್ರಹ ಚಿತ್ರಗಳನ್ನು ನೋಡಿ ಯಂತ್ರವೇ ಗುರುತಿಸಿದ ಸಾವಿರಾರು ಕಟ್ಟಡಗಳ ಆಕಾರಗಳಿವೆ. ಇವೆರಡನ್ನೂ ಇಂಪೋರ್ಟ್ ಮಾಡಿಬಿಟ್ಟರೆ, ಅಂದರೆ ಕಡತದಿಂದ ನೇರವಾಗಿ ನಕ್ಷೆಗೆ ಏರಿಸಿಬಿಟ್ಟರೆ, ತಾಲ್ಲೂಕಿನ ನಕ್ಷೆ ಒಂದೇ ವಾರದಲ್ಲಿ ತುಂಬುತ್ತದೆ ಮತ್ತು ನನ್ನ ಹನ್ನೆರಡು ವಿದ್ಯಾರ್ಥಿಗಳಿಗೂ ಉತ್ಸಾಹ ಬರುತ್ತದೆ ಎಂಬುದು ನನ್ನ ಎಣಿಕೆ. ಮೊದಲೇ ಇಂಥ ಕೆಲಸ ಮಾಡಿದವರು ಇದರಲ್ಲಿರುವ ತೊಂದರೆಗಳನ್ನು ದಯವಿಟ್ಟು ತಿಳಿಸಬೇಕು.

ಶಿರಸಿ ಕಡೆಯಿಂದ

ಮಾಸ್ತರರೇ, ನೀವು ಮಾಡಲು ಹೊರಟಿರುವ ಕೆಲಸವನ್ನೇ ನಾನು ಒಂಬತ್ತು ವರ್ಷಗಳ ಹಿಂದೆ ಮಾಡಿದ್ದೇನೆ. ಒಂದೇ ರಾತ್ರಿ ಇನ್ನೂರಕ್ಕೂ ಹೆಚ್ಚು ಗ್ರಾಮಗಳ ಬಿಂದುಗಳನ್ನು ಏರಿಸಿದೆ. ಬೆಳಗ್ಗೆ ಎದ್ದು ನೋಡಿದಾಗ ನಕ್ಷೆಯ ತುಂಬ ಊರುಗಳ ಹೆಸರು ಕಂಡು ಬಹಳ ಸಂತೋಷವಾಯಿತು. ಆ ರಾತ್ರಿಯ ಕೆಲಸವನ್ನು ತಿದ್ದುವುದಕ್ಕೆ ಮುಂದೆ ನಾಲ್ಕು ವರ್ಷ ಹಿಡಿಯಿತು, ಇಂದಿಗೂ ಕೆಲವು ಉಳಿದಿವೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯ ತೊಂದರೆ ಕಂದಾಯ ಗ್ರಾಮ ಎಂಬ ಕಲ್ಪನೆಯಲ್ಲೇ ಇದೆ. ಕಂದಾಯ ಗ್ರಾಮವೆಂದರೆ ಸರ್ವೆ ನಂಬರುಗಳ ಒಂದು ಒಟ್ಟು. ಜನ ‘ನಮ್ಮ ಊರು’ ಎನ್ನುವುದು ಮನೆಗಳಿರುವ ಜಾಗವನ್ನು. ಇಂಥ ಕಡತಗಳಲ್ಲಿ ಕೊಟ್ಟಿರುವ ಬಿಂದು ಸಾಮಾನ್ಯವಾಗಿ ಗ್ರಾಮದ ಎಲ್ಲೆಯ ನಡುಮಧ್ಯವನ್ನು ಗಣಿತದಿಂದ ಲೆಕ್ಕ ಹಾಕಿ ತೆಗೆದದ್ದು. ನಮ್ಮ ಕಡೆ ಒಂದು ಗ್ರಾಮದ ಎಲ್ಲೆಯೊಳಗೆ ಅಡಿಕೆ ತೋಟ, ಗದ್ದೆ, ಕಾಡು, ಎಂಟು ಹತ್ತು ಕೇರಿಗಳು ಎಲ್ಲವೂ ಇರುತ್ತವೆ. ಹೀಗಾಗಿ ನಾನು ಏರಿಸಿದ ಬಿಂದುಗಳಲ್ಲಿ ಒಂದು ಸೊಪ್ಪಿನ ಬೆಟ್ಟದ ನಡುವೆ ಬಿದ್ದಿತ್ತು. ಅದಕ್ಕೆ ಅತಿ ಹತ್ತಿರದ ಮನೆ ಒಂದು ಕಿಲೋಮೀಟರಿಗಿಂತ ದೂರದಲ್ಲಿತ್ತು. ಅದೇ ಊರಿನ ಒಂದು ಮದುವೆಗೆ ಹುಬ್ಬಳ್ಳಿಯಿಂದ ಬಂದ ನೆಂಟರ ಕಾರು, ಮೊಬೈಲಿನ ನಕ್ಷೆಯನ್ನು ನಂಬಿ, ಸೊಪ್ಪಿನ ಗಾಡಿ ಮಾತ್ರ ಹೋಗುವ ದಾರಿಯಲ್ಲಿ ಸಿಕ್ಕಿಬಿದ್ದು, ಮುಹೂರ್ತ ಮುಗಿದ ಮೇಲೆ ಮನೆ ತಲುಪಿತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಾರಣ ಅವರು ಯಾರನ್ನೂ ಕೇಳುವಂತೆಯೂ ಇರಲಿಲ್ಲ. ಆ ಬಿಂದುವನ್ನು ಇಟ್ಟವನು ನಾನೇ ಎಂದು ತಿಳಿದಾಗ ನನಗೆ ಆದ ಸಂಕಟವನ್ನು ಇಂದಿಗೂ ಮರೆತಿಲ್ಲ.

ನಿಮ್ಮ ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿ ಒಂದೇ ಕಡೆ ಇರುವುದರಿಂದ ಈ ತೊಂದರೆ ಕಡಿಮೆ ಎನಿಸಬಹುದು. ಆದರೆ ನಿಮಗೆ ಬೇಚರಾಕ್ ಗ್ರಾಮಗಳ ತೊಂದರೆ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳ ಪೈಕಿ 27,397ರಲ್ಲಿ ಮಾತ್ರ ಜನವಸತಿ ಇತ್ತು. ಉಳಿದ 1,943 ಗ್ರಾಮಗಳು ದಾಖಲೆಯಲ್ಲಿ ಮಾತ್ರ ಇದ್ದವು. ಬೇಚರಾಕ್ ಎಂಬ ಮಾತಿನ ಮೂಲ ಪಾರ್ಸಿ, ದೀಪವಿಲ್ಲದ್ದು ಎಂದು ಅರ್ಥ. ಪ್ಲೇಗು, ಬರ ಅಥವಾ ಮತ್ತಾವುದೋ ಕಾರಣಕ್ಕೆ ಜನ ಬಿಟ್ಟುಹೋದ ಇಂಥ ಊರುಗಳ ಹೆಸರು ಪಹಣಿಯಲ್ಲಿ ಉಳಿಯುತ್ತದೆ, ಅಲ್ಲಿಂದ ಕಡತಕ್ಕೆ ಬರುತ್ತದೆ, ಕಡತದಿಂದ ನಕ್ಷೆಗೆ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಐವತ್ತು ಅರವತ್ತು ಮನೆಗಳಿರುವ ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಮಜರೆಗಳು ಪ್ರತ್ಯೇಕ ಕಂದಾಯ ಗ್ರಾಮವಲ್ಲ ಎಂಬ ಒಂದೇ ಕಾರಣಕ್ಕೆ ಪಟ್ಟಿಯಲ್ಲಿ ಇರುವುದೇ ಇಲ್ಲ. ದೀಪವಿಲ್ಲದ ಊರು ನಕ್ಷೆಯಲ್ಲಿದ್ದು ಜನ ಬಾಳುತ್ತಿರುವ ಹಟ್ಟಿ ಇಲ್ಲವಾದರೆ, ಆ ನಕ್ಷೆ ಖಾಲಿ ನಕ್ಷೆಗಿಂತಲೂ ಹೆಚ್ಚು ದಾರಿ ತಪ್ಪಿಸುತ್ತದೆ ಎಂದು ನಾನು ದೃಢವಾಗಿ ಹೇಳುತ್ತೇನೆ, ಏಕೆಂದರೆ ಖಾಲಿ ಇರುವುದು ಖಾಲಿ ಎಂದಾದರೂ ಕಾಣುತ್ತದೆ.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸಲಾರೆ. ನಾನು ಇಂಪೋರ್ಟ್ ಮಾಡುವ ಮೊದಲು ನಮ್ಮ ತಾಲ್ಲೂಕಿನಲ್ಲಿ ಅಂಚೆ ಹಂಚುವ ಒಬ್ಬರು ಮೂವತ್ತಕ್ಕೂ ಹೆಚ್ಚು ಕೇರಿಗಳ ಹೆಸರನ್ನು ತಾವೇ ನಡೆದು, ಕನ್ನಡದಲ್ಲಿ, ಸರಿಯಾದ ಜಾಗದಲ್ಲಿ ಗುರುತಿಸಿದ್ದರು. ನಾನು ಅವನ್ನು ಸರಿಯಾಗಿ ನೋಡದೆ ಕಡತವನ್ನು ಏರಿಸಿದ್ದರಿಂದ ಎಷ್ಟೋ ಊರುಗಳು ಎರಡೆರಡು ಆದವು: ಅವರು ಇಟ್ಟದ್ದು ಮನೆಗಳ ನಡುವೆ, ನಾನು ಇಟ್ಟದ್ದು ಅರ್ಧ ಮೈಲಿ ಆಚೆ. ತಪ್ಪು ಒಪ್ಪಿಕೊಂಡು ಅವರಿಗೆ ಪತ್ರ ಬರೆದಾಗ ಬಂದ ಉತ್ತರದಲ್ಲಿ ಸಿಟ್ಟಿರಲಿಲ್ಲ. “ಊರೆಲ್ಲ ನಕ್ಷೆಯಲ್ಲಿ ಬಂದಾಯಿತಲ್ಲ, ಇನ್ನು ನನ್ನಿಂದ ಆಗಬೇಕಾದ್ದೇನಿದೆ” ಎಂದಷ್ಟೇ ಇತ್ತು. ಆಮೇಲೆ ಅವರು ಒಂದು ಬಿಂದುವನ್ನೂ ಸೇರಿಸಲಿಲ್ಲ. ನನ್ನ ಇನ್ನೂರು ಬಿಂದುಗಳಿಗಿಂತ ಅವರೊಬ್ಬರು ನಮ್ಮ ನಕ್ಷೆಗೆ ದೊಡ್ಡ ಆಸ್ತಿಯಾಗಿದ್ದರು.

ಮೈಸೂರಿನಿಂದ

ಮೇಷ್ಟ್ರೇ, ಲಿಪ್ಯಂತರದ ಬಗ್ಗೆ ಮಾತ್ರ ಬರೆಯುತ್ತೇನೆ. ದಯವಿಟ್ಟು ಆ ಕನ್ನಡ ಹೆಸರುಗಳನ್ನು ಏರಿಸಬೇಡಿ. ಇಂಗ್ಲಿಷ್ ಬರಹದಲ್ಲಿ ಳಕಾರ ಲಕಾರಗಳ ವ್ಯತ್ಯಾಸವಿಲ್ಲ, ಣಕಾರ ನಕಾರಗಳ ವ್ಯತ್ಯಾಸವಿಲ್ಲ, ಹ್ರಸ್ವ ದೀರ್ಘಗಳ ಗುರುತೂ ಇಲ್ಲ. ಆದ್ದರಿಂದ ಯಂತ್ರ ಊಹಿಸುತ್ತದೆ. ನಾನು ತಿದ್ದಿದ ಒಂದು ಹೋಬಳಿಯಲ್ಲಿ ‘ಹಳ್ಳಿ’ ಎಂದಿರಬೇಕಾದ ಕಡೆಯೆಲ್ಲ ‘ಹಲ್ಲಿ’ ಎಂದಿತ್ತು, ‘ಪಾಳ್ಯ’ಗಳು ‘ಪಲ್ಯ’ಗಳಾಗಿದ್ದವು, ಕೆರೆಯ ಹೆಸರಿನ ಊರೊಂದು ‘ಕೇರೆ’ಯಾಗಿ ಹಾವಿನ ಹೆಸರು ಪಡೆದಿತ್ತು. ನಿಮ್ಮ ಜಿಲ್ಲೆಯ ಚಳ್ಳಕೆರೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಕಾಗುಣಿತವನ್ನು ಅಕ್ಷರಶಃ ನಂಬಿದರೆ ಅದು ಚಲ್ಲಕೆರೆಯಾಗುತ್ತದೆ, ಮೊಳಕಾಲ್ಮೂರು ಮೊಲಕಲ್ಮುರು ಆಗುತ್ತದೆ. ತಾಲ್ಲೂಕು ಕೇಂದ್ರದ ಹೆಸರನ್ನಾದರೆ ಯಾರಾದರೂ ಗಮನಿಸಿ ತಿದ್ದುತ್ತಾರೆ. ನಲವತ್ತು ಮನೆಗಳ ಊರಿನ ಹೆಸರನ್ನು ತಿದ್ದುವವರು ಯಾರು?

ಇದರ ಹಾನಿ ಕಾಣುವುದಕ್ಕಿಂತ ಆಳವಾದದ್ದು. ಕನ್ನಡ ಹೆಸರಿಲ್ಲದ ಊರುಗಳನ್ನು ಹುಡುಕಿ ಕೊಡುವ ಸಾಧನಗಳಿವೆ. ನಾವು ಕೆಲವರು ಅವುಗಳ ನೆರವಿನಿಂದಲೇ ಪ್ರತಿ ಭಾನುವಾರ ಒಂದಷ್ಟು ಊರುಗಳ ಹೆಸರನ್ನು ಬಲ್ಲವರನ್ನು ಕೇಳಿ ಸೇರಿಸುತ್ತೇವೆ. ಹೆಸರಿನ ಜಾಗ ಖಾಲಿಯಿದ್ದರೆ ಆ ಊರು ನಮ್ಮ ಪಟ್ಟಿಗೆ ಬರುತ್ತದೆ, ತಪ್ಪು ಹೆಸರು ತುಂಬಿದ್ದರೆ ಬರುವುದಿಲ್ಲ. ಅಂದರೆ ತಪ್ಪು ತುಂಬಿದ ದಿನದಿಂದಲೇ ಆ ಊರು ತಿದ್ದುವವರ ಕಣ್ಣಿನಿಂದ ಮರೆಯಾಗುತ್ತದೆ. ಅಷ್ಟರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ದತ್ತಾಂಶ ಪಡೆಯುವ ಬೇರೆ ನಕ್ಷೆಗಳಿಗೂ ಆ ಹೆಸರು ಹೋಗಿರುತ್ತದೆ, ಮತ್ತೆ ಅಲ್ಲಿಂದ ಯಾರೋ ಅದನ್ನೇ ಆಧಾರವೆಂದು ತಂದು ತೋರಿಸುತ್ತಾರೆ.

ಟೆಕ್ಸಾಸ್‌ನಿಂದ

ನಾನು ಮೂಲತಃ ಧಾರವಾಡದವಳು. ಹದಿನಾಲ್ಕು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ, ಅದರಲ್ಲಿ ಹನ್ನೊಂದು ವರ್ಷ ಬಿಡುವಿನ ವೇಳೆಯಲ್ಲಿ ಟೈಗರ್ ರಸ್ತೆಗಳನ್ನು ತಿದ್ದುತ್ತ ಬಂದಿದ್ದೇನೆ. ಈ ವಿಷಯದಲ್ಲಿ ಎಲ್ಲರೂ ಮೊದಲು ನೆನೆಯುವುದು ಅದನ್ನೇ ಆದ್ದರಿಂದ ಅದರ ಕಥೆ ಹೇಳುತ್ತೇನೆ.

ಟೈಗರ್ ಎಂಬುದು ಅಮೆರಿಕದ ಜನಗಣತಿ ಸಂಸ್ಥೆಯ ರಸ್ತೆ ದತ್ತಾಂಶ. 2007 ಮತ್ತು 2008ರಲ್ಲಿ ಅದನ್ನು ಬಹುತೇಕ ಇಡೀ ದೇಶಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಇಂಪೋರ್ಟ್ ಮಾಡಲಾಯಿತು. ಆ ದತ್ತಾಂಶ ತಯಾರಾದದ್ದು ಗಣತಿಗಾಗಿ. ಒಂದು ಮನೆ ರಸ್ತೆಯ ಯಾವ ಬದಿಗಿದೆ, ಯಾವ ಗಣತಿ ವಿಭಾಗಕ್ಕೆ ಸೇರುತ್ತದೆ ಎಂಬುದು ತಿಳಿದರೆ ಆ ಕೆಲಸಕ್ಕೆ ಸಾಕಾಗಿತ್ತು. ರಸ್ತೆಯ ತಿರುವು ನಿಖರವಾಗಿರುವ ಅಗತ್ಯ ಅಲ್ಲಿರಲಿಲ್ಲ. ಆದ್ದರಿಂದ ಆ ದತ್ತಾಂಶ ತನ್ನ ಕೆಲಸಕ್ಕೆ ತಕ್ಕದ್ದಾಗಿಯೇ ಇತ್ತು, ವಾಹನಕ್ಕೆ ದಾರಿ ತೋರಿಸುವ ಕೆಲಸಕ್ಕೆ ಅದನ್ನು ಎಳೆದು ತಂದಾಗ ತೊಡಕುಗಳು ಕಾಣಿಸಿಕೊಂಡವು. ಜಾನುವಾರು ಫಾರ್ಮಿನೊಳಗಿನ ಮಣ್ಣು ದಾರಿ, ಒಬ್ಬರ ಮನೆಯಂಗಳಕ್ಕೆ ಹೋಗುವ ಖಾಸಗಿ ದಾರಿ, ಎಂದೋ ಪೊದೆ ಬೆಳೆದು ಮುಚ್ಚಿಹೋದ ಕಾಡುದಾರಿ ಎಲ್ಲವೂ ‘ವಸತಿ ರಸ್ತೆ’ ಎಂಬ ಒಂದೇ ವರ್ಗದಲ್ಲಿ ಬಂದವು. ಹೆದ್ದಾರಿಯ ಮೇಲೆ ಸೇತುವೆಯಾಗಿ ಹಾದುಹೋಗುವ ರಸ್ತೆ, ಎಷ್ಟೋ ಕಡೆ, ಕೆಳಗಿನ ಹೆದ್ದಾರಿಗೆ ಗಂಟು ಹಾಕಿಕೊಂಡಿತ್ತು. ದಾರಿ ತೋರಿಸುವ ತಂತ್ರಾಂಶ ಅದನ್ನು ಸಾಧಾರಣ ಕೂಡುರಸ್ತೆಯೆಂದು ತಿಳಿದು ಅಲ್ಲೇ ತಿರುಗಿ ಎನ್ನುತ್ತಿತ್ತು. ದತ್ತಾಂಶವನ್ನು ಕೌಂಟಿವಾರು (ಕೌಂಟಿ ಎಂದರೆ ಇಲ್ಲಿನ ಜಿಲ್ಲೆಯಂಥ ವಿಭಾಗ) ಏರಿಸಿದ್ದರಿಂದ, ಎರಡು ಕೌಂಟಿಗಳ ಎಲ್ಲೆಯಲ್ಲಿ ರಸ್ತೆಯ ತುದಿಗಳು ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ನಕ್ಷೆಯಲ್ಲಿ ಕಣ್ಣಿಗೆ ಒಂದೇ ರಸ್ತೆ ಕಾಣುತ್ತದೆ, ಎಷ್ಟು ದೊಡ್ಡದು ಮಾಡಿ ನೋಡಿದರೂ ಗೆರೆ ಕೂಡಿದಂತೆಯೇ ಇರುತ್ತದೆ, ಆದರೆ ಒಳಗೆ ಗೆರೆ ಕೂಡಿಸುವ ಬಿಂದುಗಳು, ಅಂದರೆ ಎರಡು ಬೇರೆ ಬೇರೆ ನೋಡ್‌ಗಳಿರುತ್ತವೆ. ಇಂಥ ಒಂದು ಎಲ್ಲೆಯ ಉದ್ದಕ್ಕೂ ಗಂಟು ಹಾಕುತ್ತಲೇ ನಾನು ಒಂದಿಡೀ ಚಳಿಗಾಲ ಕಳೆದಿದ್ದೇನೆ.

ಇಂಪೋರ್ಟ್ ಮಾಡಿದವರು ಅಜಾಗರೂಕರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ರಸ್ತೆಗೂ ‘ಪರಿಶೀಲನೆ ಆಗಿಲ್ಲ’ ಎಂಬ ಟ್ಯಾಗ್, ಅಂದರೆ ವಿವರದ ಗುರುತು, ಹಾಕಿದ್ದರು. ಜನ ಒಂದೊಂದೇ ನೋಡಿ ತಿದ್ದಿ ಆ ಟ್ಯಾಗ್ ತೆಗೆಯುತ್ತ ಹೋಗುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಆದರೆ ರಸ್ತೆ ತಿದ್ದಿದ ಎಷ್ಟೋ ಜನ ಟ್ಯಾಗ್ ತೆಗೆಯಲು ಮರೆತರು, ಇನ್ನೆಷ್ಟೋ ರಸ್ತೆಗಳನ್ನು ಯಾರೂ ನೋಡಲೇ ಇಲ್ಲ. ಇಂದು ಆ ಟ್ಯಾಗ್ ಕಂಡರೆ ರಸ್ತೆ ಸರಿಯಿದೆಯೋ ಇಲ್ಲವೋ ಎಂದು ಹೇಳಲಾಗುವುದಿಲ್ಲ. ಸ್ಥಳನಾಮಗಳ ಸರ್ಕಾರಿ ಪಟ್ಟಿಯೂ ಹೀಗೆಯೇ ಬಂದು, ಎಂದೋ ಮುಚ್ಚಿದ ಶಾಲೆ, ಇಲ್ಲವಾದ ಚರ್ಚುಗಳೆಲ್ಲ ನಕ್ಷೆಯ ಮೇಲೆ ಕಾಣಿಸಿಕೊಂಡವು.

ಶಿರಸಿಯವರು ಹೇಳಿದ ಅಂಚೆಯವರ ಮಾತು ಓದಿದಾಗ ನನಗೆ ಒಂದು ಸಂಶೋಧನೆ ನೆನಪಾಯಿತು. ಬರ್ಕ್ಲಿ ವಿಶ್ವವಿದ್ಯಾಲಯದ ಅಭಿಷೇಕ್ ನಾಗರಾಜ್ ಅವರು ಇದೇ ಟೈಗರ್ ಇಂಪೋರ್ಟನ್ನು ಅಧ್ಯಯನ ಮಾಡಿದ್ದಾರೆ. ಅಂದು ಕೆಲವು ಕೌಂಟಿಗಳಿಗೆ ಹೆಚ್ಚು ಪೂರ್ಣವಾದ ದತ್ತಾಂಶವೂ ಉಳಿದವಕ್ಕೆ ಹಳೆಯ, ಅಪೂರ್ಣ ದತ್ತಾಂಶವೂ ಸಿಕ್ಕಿತ್ತು. ಇವೆರಡನ್ನು ಹೋಲಿಸಿದಾಗ, ಹೆಚ್ಚು ತುಂಬಿ ಕೊಟ್ಟ ಕೌಂಟಿಗಳಲ್ಲಿ ಆನಂತರ ಜನರ ಕೊಡುಗೆ ಕಡಿಮೆಯಾದದ್ದು ಅವರಿಗೆ ಕಂಡುಬಂತು. ಅದೇ ವರ್ಷಗಳಲ್ಲಿ ಜರ್ಮನಿಯ ಜನ ಇಂಥ ದೇಶವ್ಯಾಪಿ ರಸ್ತೆ ಇಂಪೋರ್ಟ್ ಇಲ್ಲದೆ, ಜಿಪಿಎಸ್ ಹಿಡಿದು ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಓಡಾಡಿ ತಮ್ಮ ನಕ್ಷೆಯನ್ನು ಬರೆದರು. ಅಲ್ಲಿನ ಸಮುದಾಯ ಇಂದಿಗೂ ಬಲವಾಗಿದೆ. ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಆದರೂ ನನ್ನ ಹನ್ನೊಂದು ವರ್ಷಗಳ ಅನುಭವ ಆ ಸಂಶೋಧನೆಯ ಮಾತಿಗೇ ಹತ್ತಿರವಾಗಿದೆ. ಬೇರೆಯವರ ತಪ್ಪನ್ನು ತಿದ್ದಲು ಹೊಸಬರು ಬರುವುದಿಲ್ಲ ಸರ್. ತಮ್ಮ ಓಣಿಯನ್ನು ತಾವೇ ಮೊದಲು ಬರೆಯಲು ಬರುತ್ತಾರೆ.

ಬೆಂಗಳೂರಿನಿಂದ

ಮೇಲಿನವರ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ನೆಲದ ಮೇಲೆ ಕಾಣದ ವಸ್ತುಗಳನ್ನು ನಡೆದು ಗುರುತಿಸಲಾಗದು. ಗ್ರಾಮದ, ಹೋಬಳಿಯ, ವಾರ್ಡಿನ ಎಲ್ಲೆಗಳು ಸರ್ಕಾರಿ ದಾಖಲೆಯಿಂದಲೇ ಬರಬೇಕು. ನೆದರ್ಲ್ಯಾಂಡ್ಸ್‌ನಲ್ಲಿ ಕಟ್ಟಡ ಮತ್ತು ವಿಳಾಸಗಳ ಸರ್ಕಾರಿ ದಾಖಲೆಯನ್ನು ಇಂಪೋರ್ಟ್ ಮಾಡಿದ್ದು ಅಲ್ಲಿನ ಸ್ಥಳೀಯ ಮ್ಯಾಪರ್‌ಗಳೇ. ತುಂಡು ತುಂಡಾಗಿ, ಮೊದಲೇ ಇದ್ದುದರೊಡನೆ ತಾಳೆ ನೋಡಿ ಮಾಡಿದರು; ಮೂಲ ದಾಖಲೆ ಬದಲಾದಂತೆ ನಕ್ಷೆಯನ್ನೂ ಬದಲಿಸಲು ಸಾಧನ ಮಾಡಿಕೊಂಡು ಇಂದಿಗೂ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಆದ್ದರಿಂದ ಇಂಪೋರ್ಟ್ ಎಂದ ಕೂಡಲೇ ಬೇಡವೆನ್ನುವುದು ಸರಿಯಲ್ಲ.

ಆದರೆ ನೋಡಿಕೊಳ್ಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನ ವಾರ್ಡುಗಳೇ ಸಾಕ್ಷಿ. ನಾವು ಕೆಲವರು 198 ವಾರ್ಡುಗಳ ಎಲ್ಲೆಗಳ ಮೇಲೆ ಬಹಳ ಶ್ರಮಪಟ್ಟಿದ್ದೆವು. 2022ರಲ್ಲಿ ವಾರ್ಡುಗಳನ್ನು 243 ಎಂದು ಮರುವಿಂಗಡಿಸಲಾಯಿತು, 2023ರಲ್ಲಿ ಅದು 225 ಆಯಿತು, 2025ರ ಸೆಪ್ಟೆಂಬರಿನಲ್ಲಿ ಒಂದೇ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಮೊದಲ ಸಲ ಕೆಲಸ ಮಾಡಿದ ಆರು ಜನರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಹಳೆಯ ಎಲ್ಲೆಗಳಿಗೆ ಈ ನಡುವೆ ಜನ ರಸ್ತೆಗಳನ್ನೂ ಕೆರೆಯ ದಂಡೆಗಳನ್ನೂ ಅಂಟಿಸಿರುವುದರಿಂದ, ಎಲ್ಲೆಯ ಒಂದು ನೋಡ್ ಸರಿಸಿದರೆ ಕೆರೆಯೂ ಸರಿಯುತ್ತದೆ. ಹೊಸದನ್ನು ತರುವುದಕ್ಕಿಂತ ಹಳೆಯದನ್ನು ಬಿಡಿಸುವುದೇ ಕಷ್ಟವಾಗಿದೆ.

ಬಳ್ಳಾರಿಯಿಂದ

ಸರ್, ಎರಡು ಮಾತು. ನಿಮ್ಮ ಕಟ್ಟಡಗಳ ಕಡತದಂಥದ್ದನ್ನೇ ನಾನು ನಮ್ಮ ಕಡೆ ಪ್ರಯತ್ನಿಸಿದ್ದೇನೆ. ಬಂಡೆಗಳು, ಮೇವಿನ ಬಣವೆಗಳು, ಟಾರ್ಪಾಲು ಹೊದಿಸಿದ ಕೃಷಿ ಹೊಂಡಗಳು ಕಟ್ಟಡಗಳೆಂದು ಬಂದಿದ್ದವು. ನಿಮ್ಮ ಜಿಲ್ಲೆಯಲ್ಲಿ ಬಂಡೆಗಳಿಗೇನೂ ಕೊರತೆಯಿಲ್ಲ. ಊರೊಳಗೆ ಒಂದಕ್ಕೊಂದು ಗೋಡೆ ಅಂಟಿಕೊಂಡಿರುವ ಒಂದಿಡೀ ಓಣಿಯ ಮನೆಗಳನ್ನು ಯಂತ್ರ ಒಂದೇ ದೊಡ್ಡ ಕಟ್ಟಡವೆಂದು ತೋರಿಸಿತ್ತು. ಆಕಾರಗಳನ್ನು ತೆಗೆದ ಉಪಗ್ರಹ ಚಿತ್ರವೂ ನಾವು ರಸ್ತೆ ಬರೆದ ಚಿತ್ರವೂ ಬೇರೆ ಬೇರೆಯಾದ್ದರಿಂದ ಮನೆಗಳ ಸಾಲು ಆರೇಳು ಮೀಟರು ಸರಿದು ರಸ್ತೆಯ ಮೇಲೆ ಕೂತಿತ್ತು. ಕೆಲವು ಕಡತಗಳಲ್ಲಿ ಪ್ರತಿ ಆಕಾರದ ಜೊತೆ ಯಂತ್ರದ ವಿಶ್ವಾಸಾಂಕ, ಅಂದರೆ ಅದು ಕಟ್ಟಡವೇ ಎಂದು ಯಂತ್ರಕ್ಕಿರುವ ಖಚಿತತೆಯ ಅಂಕ, ಇರುತ್ತದೆ. ಅಂಕ ಹೆಚ್ಚಿರುವವನ್ನು ಮಾತ್ರ ತೆಗೆದುಕೊಂಡರೂ ಬಂಡೆಗಳು ಪೂರ್ತಿ ಹೋಗಲಿಲ್ಲ.

ಇನ್ನೊಂದು, ಕಡತ ಎಲ್ಲಿಂದ ಬಂತು ಎಂಬುದನ್ನು ನೀವು ಬರೆದಿಲ್ಲ. ಸರ್ಕಾರಿ ಜಾಲತಾಣದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅದನ್ನು ಬಳಸುವ ಅನುಮತಿ ಸಿಕ್ಕಂತಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ 2012ರ ಸೆಪ್ಟೆಂಬರಿನಲ್ಲಿ ತನ್ನ ಪರವಾನಗಿಯನ್ನು ಬದಲಿಸಿದಾಗ, ಹೊಸದಕ್ಕೆ ಒಪ್ಪದವರ ಕೆಲಸವನ್ನೂ ಹೊಂದದ ದತ್ತಾಂಶವನ್ನೂ ತೆಗೆದುಹಾಕಬೇಕಾಯಿತು. ಪರವಾನಗಿ ಹೊಂದದ ಕಡತದ ಮೇಲೆ ನಿಮ್ಮ ಹುಡುಗರು ಎರಡು ವರ್ಷ ಕೆಲಸ ಮಾಡಿದ ಮೇಲೆ ಹಾಗಾದರೆ ಅವರ ಶ್ರಮವೂ ಜೊತೆಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಟ್ಟಡಗಳ ಕಡತವನ್ನು ಸದ್ಯ ಕೈಬಿಟ್ಟಿದ್ದೇನೆ. ಗ್ರಾಮಗಳ ಕಡತದ ಪರವಾನಗಿಯ ಬಗ್ಗೆ ಸಂಬಂಧಪಟ್ಟವರಿಗೆ ಪತ್ರ ಬರೆದಿದ್ದೇನೆ. ಒಂದು ಸಂದೇಹ ಉಳಿದಿದೆ: ಏರಿಸಿದ ಮೇಲೆ ತಪ್ಪು ಕಂಡರೆ ಎಲ್ಲವನ್ನೂ ಒಮ್ಮೆಲೇ ಹಿಂದೆ ತೆಗೆಯಲು ಸಾಧ್ಯವಿಲ್ಲವೇ?

ಶಿರಸಿ ಕಡೆಯಿಂದ

ಅದೇ ದಿನವಾದರೆ ಸಾಧ್ಯ. ತಡವಾದಷ್ಟೂ ಕಷ್ಟ. ಒಮ್ಮೆಗೆ ಏರಿಸುವ ಬದಲಾವಣೆಗಳ ಕಟ್ಟಾದ ಒಂದು ಚೇಂಜ್‌ಸೆಟ್‌ನಲ್ಲಿ ಗರಿಷ್ಠ 10,000 ಬದಲಾವಣೆಗಳು ಮಾತ್ರ ಹಿಡಿಸುವುದರಿಂದ ದೊಡ್ಡ ಇಂಪೋರ್ಟ್ ಹಲವು ತುಂಡುಗಳಾಗಿ ಹೋಗುತ್ತದೆ. ಈ ನಡುವೆ ಯಾರೋ ಒಬ್ಬರು ನಿಮ್ಮ ಬಿಂದುವನ್ನು ಸರಿಯಾದ ಜಾಗಕ್ಕೆ ಸರಿಸಿರುತ್ತಾರೆ, ಇನ್ನೊಬ್ಬರು ಅದಕ್ಕೆ ಹೆಸರು ಸೇರಿಸಿರುತ್ತಾರೆ. ಆಗ ನಿಮ್ಮದನ್ನು ಹಿಂದೆ ತೆಗೆದರೆ ಅವರ ತಿದ್ದುಪಡಿಯೂ ಹೋಗುತ್ತದೆ. ಹೀಗಾಗಿ ನಾನು ಒಂದೊಂದನ್ನೇ ಕೈಯಿಂದ ತಿದ್ದಬೇಕಾಯಿತು.

ಇಂಪೋರ್ಟ್ ಮಾಡಲೇಬೇಕಿದ್ದರೆ ಅದಕ್ಕೆ ನಿಯಮಗಳಿವೆ: ಸ್ಥಳೀಯ ಸಮುದಾಯದಲ್ಲಿಯೂ ಇಂಪೋರ್ಟ್‌ಗಳ ಚರ್ಚೆಗೆಂದೇ ಇರುವ ವೇದಿಕೆಯಲ್ಲಿಯೂ ಮೊದಲು ಚರ್ಚಿಸಬೇಕು, ಯೋಜನೆಯನ್ನು ವಿಕಿಯಲ್ಲಿ ಬರೆದಿಡಬೇಕು, ಪ್ರತ್ಯೇಕ ಖಾತೆ ಬಳಸಬೇಕು. ಆದರೆ ನನ್ನ ಸಲಹೆ ಬೇರೆ. ಪರವಾನಗಿ ಸರಿಯಿದೆ ಎಂದು ಖಚಿತವಾದ ಮೇಲೆ ಗ್ರಾಮಗಳ ಕಡತವನ್ನು ಜೋಸ್ಮ್ ತಂತ್ರಾಂಶದಲ್ಲಿ ಒಂದು ಪ್ರತ್ಯೇಕ ಲೇಯರ್ ಆಗಿ ತೆರೆದು ನೋಡಿರಿ, ಏರಿಸಬೇಡಿರಿ. ಒಂದು ಹೋಬಳಿಯನ್ನು ಮಾತ್ರ ಆರಿಸಿ ಅದರಲ್ಲಿರುವ ಊರುಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಹುಡುಗರ ಕೈಗೆ ಕೊಡಿರಿ. ಅವರಲ್ಲಿ ಎಷ್ಟೋ ಮಂದಿ ಅದೇ ಊರುಗಳಿಂದ ಬಸ್ಸಿನಲ್ಲಿ ಬರುವವರೇ ಆಗಿರುತ್ತಾರೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಪರವಾನಗಿಯ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ. ಆದ್ದರಿಂದ ಕಡತವನ್ನು ಮುಟ್ಟದೆ, ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಊರುಗಳನ್ನು ತಾವೇ ಬರೆದುಕೊಂಡ ಪಟ್ಟಿ ಹಿಡಿದು ಕಳೆದ ಶನಿವಾರ ಒಂದು ಹೋಬಳಿಯ ಐದು ಊರುಗಳಿಗೆ ಹೋಗಿದ್ದೆವು. ಒಂದು ಕಡೆ ಆಂಜನೇಯನ ಗುಡಿ ಮತ್ತು ಹಾಳುಬಾವಿಯನ್ನು ಬಿಟ್ಟರೆ ಒಂದು ಮನೆಯೂ ಇರಲಿಲ್ಲ. ಗುಡಿಯ ನೆರಳಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದ ಅಜ್ಜನನ್ನು ಕೇಳಿದಾಗ ಆ ಹಾಳೂರಿನ ಹೆಸರನ್ನೂ ಹೇಳಿ, ತಮ್ಮ ತಾತನ ಕಾಲಕ್ಕೇ ಜನ ಅಲ್ಲಿಂದ ಎದ್ದುಹೋದರೆಂದರು. ಅಲ್ಲಿಂದ ಎರಡು ಕಿಲೋಮೀಟರ್ ಆಚೆಗೆ ಅವರ ಹಟ್ಟಿಯಿದೆ. ವಿದ್ಯಾರ್ಥಿಗಳು ಎಣಿಸಿದಂತೆ ಅರವತ್ತೆರಡು ಮನೆ, ಒಂದು ಅಂಗನವಾಡಿ, ಒಂದು ನೀರಿನ ಟ್ಯಾಂಕು. ಸಂಜೆ ಮನೆಗೆ ಬಂದು ಕಡತವನ್ನು ತೆರೆದು ನೋಡಿದರೆ, ಆ ಹಾಳೂರು ಅದರಲ್ಲಿದೆ, ಹಟ್ಟಿ ಇಲ್ಲ.

ಹಟ್ಟಿಯ ಹೆಸರನ್ನು ಆ ಅಜ್ಜ ಉಚ್ಚರಿಸಿದಂತೆಯೇ ಕನ್ನಡದಲ್ಲಿ ಬರೆದು, ಮನೆಗಳ ನಡುವೆ ಬಿಂದು ಇಟ್ಟು, ‘ಹ್ಯಾಮ್ಲೆಟ್’ (ಸಣ್ಣ ಊರು) ಎಂದು ಟ್ಯಾಗ್ ಮಾಡಿದ್ದೇವೆ. ಅದನ್ನು ಏರಿಸಿದ ವಿದ್ಯಾರ್ಥಿನಿ ಅದೇ ಹಟ್ಟಿಯವಳು. ಮುಂದಿನ ಶನಿವಾರ ತಾನು ಅಂಗನವಾಡಿಯಿಂದ ಮುಖ್ಯರಸ್ತೆಯವರೆಗಿನ ಬಂಡಿದಾರಿಯನ್ನು ಬರೆಯುವುದಾಗಿ ಹೇಳಿದ್ದಾಳೆ. ಮಳೆಗಾಲದಲ್ಲಿ ಆ ದಾರಿಯಲ್ಲಿ ಹಳ್ಳ ಬಂದು ವಾಹನಗಳು ನಿಲ್ಲುತ್ತವಂತೆ. ಅದನ್ನು ಯಾವ ಟ್ಯಾಗ್‌ನಿಂದ ತೋರಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.